ತೋಡು: ಪದದ ಅರ್ಥ, ಉಪಯೋಗ ಮತ್ತು ಸಂರಕ್ಷಣೆ

ಕೊಡಗಿನ ಗ್ರಾಮಗಳಲ್ಲಿ ಗದ್ದೆಯ ಮಾತು ಎಲ್ಲಿಯೇ ನಡೆಯಲಿ, ಸ್ವಲ್ಪ ಹೊತ್ತಿನಲ್ಲಿ ‘ತೋಡು’ ಎಂಬ ಶಬ್ದವು ಬಂದೇ ಬರುವುದು. ಮೇಲಿನ ಗದ್ದೆಯವನು ತೋಡನ್ನು ಮುಚ್ಚಿದನು, ಕೆಳಗಿನವನು ತೋಡಿಗೆ ಅಡ್ಡಕಟ್ಟಿದನು, ತೋಡಿನ ನೀರನ್ನೆಲ್ಲ ಪಂಪು ಎಳೆದುಕೊಂಡಿತು, ತೋಡು ಒಡೆದು ಮರಳು ಗದ್ದೆಯನ್ನು ತುಂಬಿತು, ಎಂದು ಮುಂತಾಗಿ ದೂರುಗಳು ಏಳುವುವು. ಆದರೆ ತೋಡು ಎಂದರೇನೆಂದು ಅದೇ ಬಯಲಿನ ಇಬ್ಬರು ಹಿಡುವಳಿದಾರರನ್ನು ಬೇರೆ ಬೇರೆಯಾಗಿ ಕೇಳಿದರೆ ಒಂದೇ ಉತ್ತರವು ದೊರೆಯಲಾರದು. ಒಬ್ಬನಿಗೆ ಅದು ಬೆಟ್ಟದಿಂದ ತಾನಾಗಿ ಇಳಿದು ಬಂದ ಸಣ್ಣ ಹೊಳೆ. ಇನ್ನೊಬ್ಬನಿಗೆ ತನ್ನ ಒಕ್ಕದ ಹಿರಿಯರು ಅಗೆದು ತಂದ ಕಾಲುವೆ. ಇಬ್ಬರ ಮಾತೂ ಸುಳ್ಳಲ್ಲ. ಶಬ್ದವೇ ಎರಡು ಅರ್ಥಗಳನ್ನು ಹೊತ್ತುಕೊಂಡಿದೆ. ಈ ಎರಡನ್ನೂ ಬೇರ್ಪಡಿಸಿ ತಿಳಿಯದೆ ಇರುವುದರಿಂದಲೇ ಎಷ್ಟೋ ಕಡೆ ನೆರೆಹೊರೆಯವರ ನಡುವೆ ವ್ಯಾಜ್ಯವೂ, ಗದ್ದೆಗೆ ಹಾನಿಯೂ ಉಂಟಾಗುತ್ತಿವೆ.

ಪದದ ಅರ್ಥ

ಕನ್ನಡದಲ್ಲಿ ‘ತೋಡು’ ಎಂಬುದು ಮೊದಲಿಗೆ ಕ್ರಿಯಾಪದ. ಬಾವಿ ತೋಡುವುದು, ಹೊಂಡ ತೋಡುವುದು ಎಂಬಲ್ಲಿ ಅಗೆದು ಮಣ್ಣನ್ನು ಹೊರಕ್ಕೆ ತೆಗೆಯುವುದೆಂದೇ ಅರ್ಥ. ತಮಿಳಿನ ‘ತೋಂಡು’ ಎಂಬ ಮಾತೂ ಇದೇ ಬೇರಿನದು. ಮಲೆಯಾಳ, ತುಳು, ಕೊಡವ ನುಡಿಗಳಲ್ಲಿ ಈ ಶಬ್ದವು ನಾಮಪದವಾಗಿ ನಿಂತು, ನೀರು ಹರಿಯುವ ದಾರಿಗೆ ಹೆಸರಾಗಿದೆ. ಮಲೆಯಾಳದಲ್ಲಂತೂ ಮನುಷ್ಯರು ಅಗೆದ ಕಾಲುವೆಗೂ ತಾನಾಗಿ ಹರಿಯುವ ಹಳ್ಳಕ್ಕೂ ತೋಡೆಂಬ ಒಂದೇ ಮಾತು ಸಲ್ಲುತ್ತದೆ. ಈ ನುಡಿಗಳೆಲ್ಲ ಕೂಡುವ ಎಡೆಯಲ್ಲಿ ಕೊಡಗು ಇರುವುದರಿಂದ ಇಲ್ಲಿನ ಕನ್ನಡದಲ್ಲಿಯೂ ತೋಡು ಎಂಬುದು ಹಳ್ಳವೂ ಹೌದು, ಕಾಲುವೆಯೂ ಹೌದು. ಮೈಸೂರು ಸೀಮೆಯ ಮೈದಾನದಿಂದ ಬಂದ ಒಬ್ಬ ಗುಮಾಸ್ತನು ಕಾಗದದಲ್ಲಿ ಅದನ್ನು ಒಮ್ಮೆ ‘ಹಳ್ಳ’ ಎಂದೂ ಮತ್ತೊಮ್ಮೆ ‘ಕಾಲುವೆ’ ಎಂದೂ ಬರೆದರೆ ಆಶ್ಚರ್ಯಪಡಬೇಕಾದುದಿಲ್ಲ; ಆದರೆ ಆ ಒಂದು ಮಾತಿನಿಂದ ಮುಂದೆ ಹಕ್ಕಿನ ಸ್ವರೂಪವೇ ಬೇರೆಯಾಗುವುದೆಂಬುದನ್ನು ಹಿಡುವಳಿದಾರರು ಗಮನದಲ್ಲಿಡಬೇಕು.

ನೀರಿನ ನಡೆಗೆ ಸಂಬಂಧಿಸಿದ ಬೇರೆ ಮಾತುಗಳು ಇಷ್ಟು ತೊಡಕಿನವಲ್ಲ. ‘ಕಾಲುವೆ’ ಎಂಬುದಕ್ಕೆ ತಮಿಳಿನ ‘ಕಾಲ್’, ‘ಕಾಲ್ವಾಯ್’ ಎಂಬುವು ನೆಂಟರು. ನೀರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಡೆಸುವ ದಾರಿಯೆಂದು ಅರ್ಥ. ‘ನಾಲೆ’ಯು ಸಂಸ್ಕೃತದ ‘ನಾಲ’ದ ಕಡೆಯದು; ನಾಲವೆಂದರೆ ಟೊಳ್ಳಾದ ದಂಟು, ಕೊಳವೆ. ‘ತೂಬು’ ಎಂಬುದು ಕೆರೆಯ ಏರಿಯೊಳಗಿಂದ ನೀರು ಬಿಡುವ ಕಂಡಿ. ‘ಕೋಡಿ’ ಎಂಬುದು ಹೆಚ್ಚಾದ ನೀರು ಹೊರಬೀಳುವ ಸ್ಥಳ. ಬೆಟ್ಟದ ಮೇಲಿಂದ ನೀರು ಧುಮುಕುವೆಡೆಗೆ ‘ಅಬ್ಬಿ’ ಎನ್ನುವರು. ಮಡಿಕೇರಿಯ ಹತ್ತಿರದ ಜಲಪಾತಕ್ಕೆ ಬೇರೆ ಹೆಸರೇ ಬೇಕಾಗಿಲ್ಲ, ಅಬ್ಬಿಯೇ ಅದರ ಹೆಸರು. ಅಡಿಕೆಯ ಮರವನ್ನು ಸೀಳಿ ತಿರುಳು ತೆಗೆದು ಮಾಡಿದ ನೀರಿನ ದಾರಿಗೆ ‘ದಂಬೆ’ ಎಂದು ಹೆಸರು. ತಗ್ಗನ್ನೋ ಇನ್ನೊಂದು ತೋಡನ್ನೋ ದಾಟಿಸಬೇಕಾದಲ್ಲಿ ನೀರಿಗೆ ಇಂಥ ದಂಬೆಯೇ ಸೇತುವೆ.

ಹೊರುವುದು ಮತ್ತು ನಡೆಸುವುದು

ನೀರನ್ನು ಒಯ್ಯುವುದಕ್ಕೆ ಎರಡೇ ಉಪಾಯಗಳು: ಪಾತ್ರೆಯಲ್ಲಿ ಹೊರುವುದು, ಇಲ್ಲವೆ ದಾರಿ ಮಾಡಿ ನಡೆಸುವುದು. ಕೊಡಗಿನವರು ಎರಡನ್ನೂ ಬಲ್ಲರು. ಕೊಡವರ ಮದುವೆಯ ಗಂಗಾಪೂಜೆಯಲ್ಲಿ ಮದುಮಗಳು ಬಾವಿಯಿಂದ ನೀರು ತುಂಬಿ ತಲೆಯ ಮೇಲೆ ಹೊತ್ತು ಮನೆಗೆ ಬರುವಳು. ಗಂಡಿನ ಕಡೆಯವರು ಮುಂದೆ ಕುಣಿಯುತ್ತ ದಾರಿಯನ್ನು ತಡೆಯುವರು. ನಾಲ್ಕು ಹೆಜ್ಜೆಯ ದಾರಿಗೆ ಗಂಟೆಗಳೇ ಹಿಡಿಯುವುದುಂಟು. ಕಾವೇರಿಯ ಕಥೆಯಲ್ಲಿ ಅಗಸ್ತ್ಯರು ಆಕೆಯನ್ನು ಕಮಂಡಲುವಿನಲ್ಲಿ ಹಿಡಿದಿಟ್ಟಿದ್ದರು. ಅವರು ಸ್ನಾನಕ್ಕೆ ಹೋದ ಸಮಯವನ್ನು ನೋಡಿ ಆಕೆ ಹರಿದು ಹೊರಟಳು. ಶಿಷ್ಯರು ತಡೆಯಹೋದಾಗ ನೆಲದೊಳಕ್ಕೆ ಇಳಿದು, ಭಾಗಮಂಡಲದಲ್ಲಿ ಮತ್ತೆ ಕಾಣಿಸಿಕೊಂಡಳು. ಪುರಾಣವನ್ನು ಪುರಾಣವಾಗಿಯೇ ಕೇಳಿದರೂ, ತಡೆದ ನೀರು ನಿಲ್ಲುವುದಿಲ್ಲ, ನೆಲದೊಳಗೆ ಹೊಕ್ಕು ತನಗೆ ಬೇಕಾದಲ್ಲಿ ಏಳುವುದು ಎಂಬ ಸಂಗತಿಯನ್ನು ಬೆಟ್ಟದ ನಾಡಿನವರು ಬಹಳ ಹಿಂದೆಯೇ ಕಂಡಿದ್ದರೆಂದು ಅದರಿಂದ ತಿಳಿಯಬಹುದು.

ಗದ್ದೆಗೆ ಬೇಕಾದ ನೀರನ್ನು ಹೊತ್ತು ಪೂರೈಸುವುದು ಆಗದ ಕೆಲಸ. ಒಂದು ಎಕರೆಯ ಮೇಲೆ ಒಂದೇ ಒಂದು ಅಂಗುಲ ನೀರು ನಿಲ್ಲಬೇಕಾದರೆ ಸುಮಾರು 22,600 ಗ್ಯಾಲನ್, ಅಂದರೆ 1,02,000 ಲೀಟರಿಗೂ ಮಿಗಿಲಾಗಿ ನೀರು ಬೇಕು. 15 ಲೀಟರು ಹಿಡಿಯುವ ಕೊಡದಲ್ಲಿ ಇದನ್ನು ಹೊತ್ತರೆ 6,800ಕ್ಕಿಂತ ಹೆಚ್ಚು ಕೊಡಗಳಾಗುವುವು. ಇದರ ತೂಕವು 100 ಟನ್ನಿಗೂ ಮೇಲು. ಇಷ್ಟು ಭಾರವನ್ನು ಯಾವ ಕೂಲಿಯೂ ಇಲ್ಲದೆ, ಹಗಲೂ ರಾತ್ರಿಯೂ, ಎಳ್ಳಷ್ಟೂ ಬೇಸರವಿಲ್ಲದೆ ಒಯ್ಯುವ ಆಳು ತೋಡೊಂದೇ. ಆ ಆಳಿಗೆ ವರ್ಷಕ್ಕೊಮ್ಮೆ ದಾರಿ ಸವರಿಕೊಡುವುದು ಮಾತ್ರ ಹಿಡುವಳಿದಾರನ ಪಾಲಿನ ಕೆಲಸ.

ತೋಡು ಮಾಡುವ ಎರಡು ಕೆಲಸಗಳು

ಮೈದಾನದ ರೈತನಿಗೆ ಕಾಲುವೆಯೆಂದರೆ ನೀರನ್ನು ತರುವ ಸಾಧನ. ಅಲ್ಲಿ ಕೆರೆಯ ತೂಬಿನಿಂದ ನೀರು ಬಿಟ್ಟು ಸರದಿಯಂತೆ ಹಂಚಲು ನೀರುಗಂಟಿಯೆಂಬ ಗ್ರಾಮಸೇವಕನಿದ್ದನು. ಕೊಡಗಿನ ಬಯಲಿನ ರೀತಿ ಬೇರೆ. ಎರಡು ಗುಡ್ಡಗಳ ನಡುವಣ ಕಣಿವೆಯ ತಲೆಯಲ್ಲಿ ಒರತೆ. ಎರಡೂ ಕಡೆ ಇಳಿಜಾರಿನ ಮೇಲೆ ಗದ್ದೆಗೆ ಸೇರಿದ ಬಾಣೆ, ಈಗ ಬಹುಭಾಗ ಕಾಫಿಯ ತೋಟ. ಕಣಿವೆಯ ತಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು. ಅವುಗಳ ಅಂಚಿನಲ್ಲಿಯೋ ನಡುವೆಯೋ ತೋಡು. ಮೇಲಿನ ಗದ್ದೆಯ ಬದುವಿನ ಕಂಡಿಯಿಂದ ನೀರು ಕೆಳಗಿನ ಗದ್ದೆಗೆ ಇಳಿದು, ಕೊನೆಗೆ ತೋಡನ್ನು ಸೇರುವುದು. ಹೀಗಿರಲು ತೋಡು ಒಂದು ಕಡೆ ನೀರನ್ನು ತರುವುದು, ಇನ್ನೊಂದು ಕಡೆ ಹೆಚ್ಚಾದುದನ್ನು ಒಯ್ಯುವುದು. ಮಡಿಕೇರಿಯ ಕಡೆ ವರ್ಷದಲ್ಲಿ 3,000 ಮಿಲಿಮೀಟರಿಗೂ, ಅಂದರೆ 118 ಅಂಗುಲಕ್ಕೂ ಮೇಲೆ ಮಳೆಯಾಗುವ ನಾಡಿನಲ್ಲಿ, ಅದೂ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುವಲ್ಲಿ, ತರುವ ಕೆಲಸಕ್ಕಿಂತ ಒಯ್ಯುವ ಕೆಲಸವೇ ದೊಡ್ಡದು. ಕೊಡಗಿನ ತೋಡನ್ನು ನೀರು ಹಾಯಿಸುವ ಕಾಲುವೆಯೆಂದು ಮಾತ್ರ ಎಣಿಸಿ, ಬಸಿಗಾಲುವೆಯೆಂಬುದನ್ನು ಮರೆತವರೇ ಅದನ್ನು ಕಿರಿದು ಮಾಡುವವರು.

ಈ ತಪ್ಪು ಲೆಕ್ಕವು ಹೇಗೆ ನಡೆಯುವುದೆಂಬುದನ್ನು ನೋಡಬೇಕು. ಏಪ್ರಿಲಿನಲ್ಲಿ ತೋಡಿನಲ್ಲಿ ಗೇಣುದ್ದ ನೀರೂ ಇರುವುದಿಲ್ಲ. ಆಗ ತೋಟಕ್ಕೆ ದಾರಿ ಮಾಡಿಸುವ ಹಿಡುವಳಿದಾರನು ಅದನ್ನು ನೋಡಿ, ಎರಡಡಿ ಬಾಯಿಯ ಒಂದು ಸಿಮೆಂಟು ಕೊಳವೆಯನ್ನಿಟ್ಟು ಮೇಲೆ ಮಣ್ಣು ತುಂಬಿಸಿದರೆ ಸಾಕೆಂದುಕೊಳ್ಳುವನು. ಜುಲೈ ತಿಂಗಳಲ್ಲಿ ಅದೇ ಕೊಳವೆಯ ಬಾಯಿಗೆ ಒಣಕೊಂಬೆಯೂ ಎಲೆಯೂ ಬಂದು ಕೂತು, ನೀರು ಹಿಂದಕ್ಕೆ ಏರಿ, ದಾರಿಯನ್ನೂ ಅದರ ಪಕ್ಕದ ಬದುವನ್ನೂ ಕೊಚ್ಚಿಕೊಂಡು ಹೋಗುವುದು. ನಾಟಿಯಾದ ಗದ್ದೆಯ ಮೇಲೆ ಗೇಣೆತ್ತರ ಮರಳು ನಿಂತ ಮೇಲೆ ಆ ವರ್ಷದ ಪುತ್ತರಿಗೆ ಆ ಗದ್ದೆಯಿಂದ ಕದಿರು ಬರಲಾರದು. ನಷ್ಟವನ್ನು ಅನುಭವಿಸುವವನು ಕೊಳವೆಯನ್ನು ಇಟ್ಟವನಲ್ಲ, ಕೆಳಗಿನ ಗದ್ದೆಯವನು.

ಅಳತೆ

ತೋಡು ಎಷ್ಟು ನೀರನ್ನು ಒಯ್ಯಬಲ್ಲುದೆಂಬುದನ್ನು ಯಾವ ಇಂಜಿನಿಯರನೂ ಇಲ್ಲದೆ ತಿಳಿಯಬಹುದು. ತೋಡು ನೆಟ್ಟಗೆ ಹರಿಯುವ ಎಡೆಯಲ್ಲಿ ದಡದ ಮೇಲೆ 40 ಅಡಿ ಅಳೆದು ಎರಡು ಗೂಟಗಳನ್ನು ನೆಡಬೇಕು. ಮೇಲಿನ ಗೂಟದ ಸ್ವಲ್ಪ ಹಿಂದಿನಿಂದ ಒಂದು ಕಿತ್ತಳೆಹಣ್ಣನ್ನು ನೀರಿನ ನಡುವೆ ಬಿಟ್ಟು, ಅದು ಒಂದು ಗೂಟದಿಂದ ಇನ್ನೊಂದಕ್ಕೆ ಬರಲು ಎಷ್ಟು ಸೆಕೆಂಡು ಹಿಡಿಯುವುದೆಂದು ಗಡಿಯಾರದಿಂದ ನೋಡಬೇಕು. ಕಿತ್ತಳೆಯು ಮುಕ್ಕಾಲು ಮುಳುಗಿ ತೇಲುವುದರಿಂದ ಗಾಳಿಗೆ ಸಿಕ್ಕಿ ಓಡುವುದಿಲ್ಲ. 20 ಸೆಕೆಂಡು ಹಿಡಿದರೆ ಮೇಲ್ಮೈಯ ವೇಗವು ಸೆಕೆಂಡಿಗೆ 2 ಅಡಿ. ತಳದ ನೀರು ನಿಧಾನವಾಗಿ ಹರಿಯುವುದರಿಂದ ಇದರಲ್ಲಿ ಹತ್ತರಲ್ಲಿ ಎಂಟು ಪಾಲನ್ನು ಮಾತ್ರ, ಎಂದರೆ 1.6 ಅಡಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ತೋಡಿನ ಅಗಲ 3 ಅಡಿ, ನೀರಿನ ಆಳ 1 ಅಡಿಯಿದ್ದರೆ, ಮೂರನ್ನು ಒಂದರಿಂದಲೂ ಬಂದುದನ್ನು 1.6ರಿಂದಲೂ ಗುಣಿಸಿದಾಗ 4.8 ಬರುವುದು. ಅಂದರೆ ಆ ತೋಡು ಸೆಕೆಂಡಿಗೆ 4.8 ಘನ ಅಡಿ, ಸುಮಾರು 30 ಗ್ಯಾಲನ್ ನೀರನ್ನು ಒಯ್ಯುತ್ತಿದೆ.

ಇನ್ನು ಆ ತೋಡಿಗೆ ಬರುವ ನೀರು ಎಷ್ಟು? ಒಂದು ಎಕರೆಯ ಮೇಲೆ ಗಂಟೆಗೆ ಒಂದು ಅಂಗುಲದಂತೆ ಮಳೆ ಬಿದ್ದು, ಬಿದ್ದುದೆಲ್ಲ ಹರಿದರೆ, ಅದು ಸೆಕೆಂಡಿಗೆ ಹೆಚ್ಚು ಕಡಿಮೆ ಒಂದು ಘನ ಅಡಿಯಾಗುವುದು. ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು, ಅಷ್ಟು ಸುಲಭವಾಗಿದೆ. 50 ಎಕರೆಯ ಗುಡ್ಡ ಬಯಲುಗಳ ನೀರು ಒಂದು ತೋಡಿಗೆ ಇಳಿಯುವುದೆನ್ನೋಣ. ಅರ್ಧದಷ್ಟು ನೆಲದೊಳಕ್ಕೆ ಇಂಗಿದರೂ ಉಳಿದ 25 ಘನ ಅಡಿಯು ಸೆಕೆಂಡು ಸೆಕೆಂಡಿಗೂ ತೋಡಿಗೆ ಬರುವುದು. ಹೂಳು ತುಂಬಿ ಒಂದಡಿ ಆಳಕ್ಕೆ ಇಳಿದ ಮೇಲೆ ಹೇಳಿದ ತೋಡು ಅದರ ಐದರಲ್ಲಿ ಒಂದು ಪಾಲನ್ನೂ ತಾಳಲಾರದು. ಎರಡಡಿ ಬಾಯಿಯ ಕೊಳವೆಯಾದರೋ, ತುಂಬಿಕೊಂಡು ಸೆಕೆಂಡಿಗೆ 4 ಅಡಿಯ ವೇಗದಿಂದ ಹರಿದರೂ ಹನ್ನೆರಡೂವರೆ ಘನ ಅಡಿಯನ್ನು ಮಾತ್ರ ಬಿಡುವುದು. ಅರ್ಧ ನೀರು ಹೊರಗೇ ನಿಲ್ಲುವುದು. ಅದೇ ತೋಡಿನ ತಳವನ್ನು 4 ಅಡಿಯಷ್ಟಿಟ್ಟು, 3 ಅಡಿ ಆಳಕ್ಕೆ ತೋಡಿ, ಎರಡೂ ದಡಗಳನ್ನು ಓರೆಯಾಗಿ ಕಡಿದು ಮೇಲಗಲವು 10 ಅಡಿಯಾಗುವಂತೆ ಮಾಡಿದರೆ, ದಡಕ್ಕಿಂತ ಅರ್ಧ ಅಡಿ ಕೆಳಗೆ ನೀರು ನಿಂತರೂ 26 ಘನ ಅಡಿ ಸರಾಗವಾಗಿ ಹೋಗುವುದು. ಹಿಂದಿನವರು ಬಿಟ್ಟಿದ್ದ ಅಗಲವು ಇಂದಿನವರ ಕಣ್ಣಿಗೆ ವ್ಯರ್ಥವಾಗಿ ಬಿದ್ದ ನೆಲದಂತೆ ಕಾಣುವುದು. ಅಳೆದು ನೋಡಿದರೆ ಅದು ವ್ಯರ್ಥವಲ್ಲ.

2018ರ ಆಗಸ್ಟ್ ತಿಂಗಳಲ್ಲಿ ಉತ್ತರ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲ ಮೊದಲಾದ ಕಡೆಗಳಲ್ಲಿ ಬೆಟ್ಟಗಳೇ ಜರಿದು ಮನೆ ತೋಟ ಗದ್ದೆಗಳು ಮಣ್ಣಿನ ಪಾಲಾದುದನ್ನು ಈ ನಾಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2019ರಲ್ಲಿ ತೋರ ಗ್ರಾಮದಲ್ಲಿಯೂ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿಯೂ ಮತ್ತೆ ಕುಸಿತಗಳಾಗಿ ಜೀವಹಾನಿಯಾಯಿತು. ಅಷ್ಟು ದೊಡ್ಡ ಮಳೆಗೆ ತೋಡೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಬೆಟ್ಟದ ಮಣ್ಣು ಜರಿಯುವ ಬಗೆಯನ್ನು ತಿಳಿದರೆ ತೋಡಿಗೂ ಅದಕ್ಕೂ ಇರುವ ಸಂಬಂಧವು ಕಾಣುವುದು. ಮಣ್ಣಿನ ಕಣಗಳ ನಡುವಣ ಎಡೆಯಲ್ಲೆಲ್ಲ ನೀರು ತುಂಬಿ ಒತ್ತಿದಾಗ ಕಣಗಳ ಹಿಡಿತವು ಸಡಿಲುವುದು; ಮಣ್ಣಿನ ಭಾರವು ಹೆಚ್ಚುವುದು; ಕೆಳಗಿನ ಗಟ್ಟಿಪದರದ ಮೇಲೆ ಮೇಲಿನ ಪದರವು ಜಾರುವುದು. ಇಳಿಜಾರಿನಲ್ಲಿ ನೀರಿಗೆ ಹೊರದಾರಿಯಿದ್ದರೆ ಈ ಒತ್ತಡವು ಇಳಿಯುವುದು. ಮನೆಗಾಗಿಯೋ ರಸ್ತೆಗಾಗಿಯೋ ಬರೆಯನ್ನು ನೆಟ್ಟಗೆ ಕಡಿದು, ಕಡಿದ ಮಣ್ಣನ್ನು ಕೆಳಗಣ ಸಣ್ಣ ತೋಡಿಗೆ ತಳ್ಳಿದಲ್ಲಿ, ಬೆಟ್ಟದ ಬುಡವೂ ಹೋಯಿತು, ನೀರಿನ ದಾರಿಯೂ ಹೋಯಿತು. ವರ್ಷದಲ್ಲಿ ಹತ್ತು ತಿಂಗಳು ಒಣಗಿರುವ ಗುಡ್ಡದ ತೋಡನ್ನು ತೋಡೇ ಅಲ್ಲವೆಂದು ಎಣಿಸುವುದು ಎಲ್ಲಕ್ಕಿಂತ ಅಪಾಯಕರ. ಅದು ಉಳಿದ ಎರಡು ತಿಂಗಳಿಗಾಗಿ ಇರುವ ತೋಡು. ಕಾಫಿ ತೋಟಗಳಲ್ಲಿ ನೀರು ಇಂಗಿಸುವ ತೊಟ್ಟಿಲು ಗುಂಡಿಗಳು ಸಾಧಾರಣ ಇಳಿಜಾರಿನಲ್ಲಿ ಒಳ್ಳೆಯವೇ ಆದರೂ, ಬಹಳ ಕಡಿದಾದ ಬರೆಯ ನೆತ್ತಿಯಲ್ಲಿ ಅವುಗಳನ್ನು ಸಾಲಾಗಿ ತೋಡುವ ಮುನ್ನ ಎರಡು ಸಲ ಯೋಚಿಸತಕ್ಕದ್ದು.

ಹಕ್ಕಿನ ವಿಚಾರ

ಶಬ್ದದ ಎರಡು ಅರ್ಥಗಳು ಇಲ್ಲಿ ಮುಖ್ಯವಾಗುವುವು. ಪರರ ಭೂಮಿಯ ಮೇಲಿನ ಅನುಭೋಗದ ಹಕ್ಕುಗಳನ್ನು ಕುರಿತ 1882ನೆಯ ಇಸವಿಯ ಭಾರತದ ಕಾಯಿದೆಯು ಮೊದಲು ಜಾರಿಗೆ ಬಂದುದು ಮದರಾಸು, ಮಧ್ಯಪ್ರಾಂತ ಮತ್ತು ಕೊಡಗು ಈ ಮೂರೇ ಕಡೆಗಳಲ್ಲಿ. ದೇಶದ ಎಷ್ಟೋ ಭಾಗಗಳಿಗಿಂತ ಮೊದಲೇ ಕೊಡಗಿನ ಹಿಡುವಳಿದಾರರಿಗೆ ಈ ವಿಷಯದಲ್ಲಿ ಬರೆದ ಕಾನೂನು ಇದ್ದಿತು. ಗೊತ್ತಾದ ಪಾತ್ರದಲ್ಲಿ ಸ್ವಾಭಾವಿಕವಾಗಿ ಹರಿಯುವ ನೀರು ತನ್ನ ಭೂಮಿಯೊಳಗೆ ಹಿಂದಿನಂತೆಯೇ ಹರಿದು ಬರಬೇಕೆಂಬುದು ದಡದ ಪ್ರತಿಯೊಬ್ಬ ಭೂಮಾಲಿಕನ ಸಹಜವಾದ ಹಕ್ಕೆಂದು ಆ ಕಾಯಿದೆಯು ಹೇಳುತ್ತದೆ. ಅದೇ ರೀತಿ, ಗೊತ್ತಾದ ಪಾತ್ರವಿಲ್ಲದೆ ಮೇಲಿನ ಭೂಮಿಯ ಮೇಲೆ ಬಿದ್ದ ಅಥವಾ ಅಲ್ಲಿ ಎದ್ದ ನೀರು ಸಹಜವಾಗಿ ಕೆಳಗಿನ ಭೂಮಿಗೆ ಇಳಿಯುವುದನ್ನು ಕೆಳಗಿನವನು ತಡೆಯಕೂಡದು. ಇದಕ್ಕೆ ದಾಖಲೆಯೂ ಬೇಡ, ಇಷ್ಟು ವರ್ಷವೆಂಬ ಅವಧಿಯೂ ಬೇಡ. ನೆಲದ ಜೊತೆಗೇ ಬಂದುದು.

ತೋಡಿದ ತೋಡಿನ ಮಾತು ಹಾಗಲ್ಲ. ಒಬ್ಬನ ಭೂಮಿಯೊಳಗೆ ಇನ್ನೊಬ್ಬನು ಅಗೆದು ನೀರು ಒಯ್ದ ಕಾಲುವೆಗೆ ಹಕ್ಕು ಬರಬೇಕಾದರೆ ಒಪ್ಪಂದವಿರಬೇಕು, ಇಲ್ಲವೆ 20 ವರ್ಷಗಳ ಕಾಲ ಶಾಂತವಾಗಿ, ಬಹಿರಂಗವಾಗಿ, ಹಕ್ಕಿನಿಂದಲೇ, ತಡೆಯಿಲ್ಲದೆ ಅನುಭವಿಸಿರಬೇಕು. ನೆರೆಯವನ ಅನುಮತಿಯನ್ನು ಬೇಡಿ ವರ್ಷ ವರ್ಷವೂ ಅವನ ದಯೆಯಿಂದ ನೀರು ಒಯ್ದಿದ್ದರೆ ನೂರು ವರ್ಷವಾದರೂ ಅದು ಹಕ್ಕಾಗುವುದಿಲ್ಲ. ಇದನ್ನು ತಿಳಿಯದೆ, ‘ತೋಡು ಎಂದಿನಿಂದಲೂ ಇದೆ’ ಎಂಬ ಒಂದೇ ಮಾತನ್ನು ಹಿಡಿದು ಕಚೇರಿಗೆ ಹೋದವರು ಬರಿಗೈಯಲ್ಲಿ ಹಿಂದಿರುಗುವುದುಂಟು. ಕಚೇರಿಯಲ್ಲಿ ಮೊದಲು ಕೇಳುವುದು, ಅದು ಹರಿದ ತೋಡೋ, ತೋಡಿದ ತೋಡೋ ಎಂಬುದನ್ನು. ಸರ್ವೆ ಇಲಾಖೆಯ ಗ್ರಾಮನಕ್ಷೆಯಲ್ಲಿ ಗುರುತಾಗಿ, ಪಹಣಿಯಲ್ಲಿ ‘ಬಿ’ ಖರಾಬೆಂದು ಬಿಟ್ಟ ತೋಡಾದರೆ ಅದು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟುದು. ಅದನ್ನು ಮುಚ್ಚಲು ಎರಡೂ ದಡದ ಮಾಲಿಕನೊಬ್ಬನೇ ಆದರೂ ಅಧಿಕಾರವಿಲ್ಲ.

ಗದ್ದೆಗಳು ಪಾಳು ಬೀಳುತ್ತಿರುವ ಈ ಕಾಲದಲ್ಲಿ ಈ ವಿಚಾರವು ಇನ್ನಷ್ಟು ತೊಡಕಾಗಿದೆ. ನಡುವಣ ಗದ್ದೆಯವನು ಬೇಸಾಯವನ್ನು ಬಿಟ್ಟು ಪಟ್ಟಣಕ್ಕೆ ಹೋದರೆ ಅವನ ಭಾಗದ ತೋಡನ್ನು ತೋಡುವವರಿಲ್ಲ. ಮುಂಡುಗವೂ ಹುಲ್ಲೂ ಬೆಳೆದು, ಹೂಳು ಏರಿ, ಮೇಲಿನವನ ಗದ್ದೆಯು ಜವುಗಾಗುವುದು, ಕೆಳಗಿನವನದು ಒಣಗುವುದು. ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟಲ್ಲಿ ಬೇರೆಯೇ ಕಷ್ಟ. ಶುಂಠಿಗೆ ನೀರು ನಿಲ್ಲಬಾರದಾದುದರಿಂದ ಗುತ್ತಿಗೆದಾರನು ಪಾತಿಗಳ ನಡುವೆ ಆಳವಾದ ಕಣಿಗಳನ್ನು ತೆಗೆದು ಎಲ್ಲ ನೀರನ್ನೂ ಒಮ್ಮೆಗೇ ತೋಡಿಗೆ ಬಿಡುವನು. ಸಡಿಲವಾದ ಮಣ್ಣೂ ಜೊತೆಯಲ್ಲಿ ಹೋಗುವುದು. ಒಂದು ಬೆಳೆ ತೆಗೆದು ಅವನು ಹೊರಟುಹೋದ ಮೇಲೆ ಹೂಳು ಮಾತ್ರ ಊರಿನವರಿಗೆ ಉಳಿಯುವುದು. ಗುತ್ತಿಗೆಯ ಕರಾರಿನಲ್ಲಿ ತೋಡಿನ ಹೂಳೆತ್ತಿ ಒಪ್ಪಿಸತಕ್ಕದ್ದೆಂಬ ಒಂದು ವಾಕ್ಯವನ್ನು ಬರೆಯಿಸಿಕೊಳ್ಳುವುದಕ್ಕೆ ಮಾಲಿಕನಿಗೆ ಖರ್ಚೇನೂ ಇಲ್ಲ.

ಮಾಡತಕ್ಕ ಕೆಲಸ

ತೋಡನ್ನು ತೋಡುವ ಕಾಲವು ಮೇ ತಿಂಗಳು. ಕಾಫಿಯ ಹೂಮಳೆಗಳು ಕಳೆದು ಮುಂಗಾರು ಹಿಡಿಯುವುದಕ್ಕೆ ಮುನ್ನ ನೆಲವು ಮೆತ್ತಗಾಗಿಯೂ ತೋಡು ಬರಿದಾಗಿಯೂ ಇರುವುದು. ಕೆಲಸವನ್ನು ಕೆಳಗಿನ ತುದಿಯಿಂದ ಮೇಲಕ್ಕೆ ಮಾಡಿಕೊಂಡು ಬರಬೇಕು. ಮೇಲಿನಿಂದ ಆರಂಭಿಸಿದರೆ ಮೊದಲ ಮಳೆಗೇ ಮೇಲಿನ ನೀರು ಇಳಿದು, ತೋಡದ ಕೆಳಭಾಗದಲ್ಲಿ ನಿಂತುಬಿಡುವುದು. ಎತ್ತಿದ ಹೂಳನ್ನು ದಡದ ತುದಿಯಲ್ಲಿಯೇ ರಾಶಿ ಹಾಕುವುದು ರೂಢಿಯ ತಪ್ಪು. ಅದು ಜೂನಿನಲ್ಲಿ ಮತ್ತೆ ತೋಡಿಗೇ ಬೀಳುವುದು. ಆ ಹೂಳು ಬೆಟ್ಟದ ಮೇಲ್ಮಣ್ಣೇ ಆದುದರಿಂದ ಬಾಳೆಯ ಬುಡಕ್ಕೋ ತೋಟಕ್ಕೋ ಸಾಗಿಸಿದರೆ ಎರಡು ಪ್ರಯೋಜನವಾಗುವುದು.

ಮಣ್ಣಿನ ತೋಡಿಗೆ 100 ಅಡಿಗೆ ಎರಡು ಎರಡೂವರೆ ಅಂಗುಲ ಇಳಿಜಾರು ಸಾಕು. ಅದಕ್ಕಿಂತ ಬಹಳ ಕಡಿಮೆಯಾದರೆ ಹೂಳು ನಿಲ್ಲುವುದು, ಬಹಳ ಹೆಚ್ಚಾದರೆ ನೀರು ತಳವನ್ನು ಕೊರೆಯುವುದು. ಇದನ್ನು ನೋಡಲು ಎಂಟಡಿಯ ಎರಡು ಬಿದಿರುಗಳನ್ನು ತುದಿಯಲ್ಲಿ ಕಟ್ಟಿ, ಬುಡಗಳು 10 ಅಡಿ ದೂರ ನಿಲ್ಲುವಂತೆ ನಡುವೆ ಅಡ್ಡಪಟ್ಟಿ ಬಿಗಿದು, ತುದಿಯಿಂದ ದಾರದಲ್ಲಿ ಒಂದು ಕಲ್ಲನ್ನು ತೂಗಬಿಡಬೇಕು. ಚೌಕಟ್ಟನ್ನು ಒಂದೆಡೆ ನಿಲ್ಲಿಸಿ ದಾರವು ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಮಾಡಿ, ಕಾಲುಗಳನ್ನು ಅದಲುಬದಲು ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೊಂದು ಗುರುತು ಮಾಡಿದರೆ, ಎರಡು ಗುರುತುಗಳ ಸರಿಯಾದ ನಡುವೆಯೇ ಮಟ್ಟದ ಗುರುತು. ಆ ಬಳಿಕ ಒಂದು ಕಾಲಿನ ಅಡಿಗೆ ಕಾಲಂಗುಲ ದಪ್ಪದ ಮರದ ಚಕ್ಕೆಯನ್ನು ಹೊಡೆದು, ಚಕ್ಕೆಯ ಕಾಲನ್ನು ನೀರು ಹೋಗುವ ದಿಕ್ಕಿಗೆ ಇಡುತ್ತ ನಡೆದರೆ, ದಾರವು ಮಟ್ಟದ ಗುರುತಿನ ಮೇಲೆ ನಿಂತ ಕಡೆಯೆಲ್ಲ 100 ಅಡಿಗೆ ಎರಡೂವರೆ ಅಂಗುಲದ ಇಳಿಜಾರು ದೊರೆಯುವುದು. ನೆಲವು ಇದಕ್ಕಿಂತ ಕಡಿದಾಗಿದ್ದಲ್ಲಿ ತೋಡನ್ನು ಮೆಟ್ಟಿಲು ಮಾಡಿ, ನೀರು ಧುಮುಕುವ ಎಡೆಗೆ ದೊಡ್ಡ ಕಲ್ಲುಗಳನ್ನು ಹಾಸಬೇಕು.

ದಡಕ್ಕೆ ಲಾವಂಚವನ್ನು ಗೇಣಿಗೊಂದರಂತೆ ಸಾಲಾಗಿ ನೆಟ್ಟರೆ ಅದರ ಬೇರು ನೇರವಾಗಿ ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುವುದು. ಮುಂಡುಗವೂ ದಡವನ್ನು ಹಿಡಿಯುವುದಾದರೂ ಅದು ತೋಡಿನೊಳಕ್ಕೆ ಬಾಗದಂತೆ ವರ್ಷಕ್ಕೊಮ್ಮೆ ಕಡಿಯಬೇಕು. ಏಡಿಯ ಬಿಲಗಳನ್ನು ಅಲ್ಪವೆಂದು ಎಣಿಸಬಾರದು. ಕಕ್ಕಡದ ಮಳೆಯಲ್ಲಿ ಬೆರಳು ಗಾತ್ರದ ಬಿಲದಿಂದ ಜಿನುಗಿದ ನೀರು ಬೆಳಗಾಗುವುದರೊಳಗೆ ಬದುವನ್ನು ಒಡೆಯುವುದು. ನಾಟಿಗೆ ಮುನ್ನ ಬದುವಿನ ಮೈಯನ್ನು ಕೆತ್ತಿ, ಬಿಲಗಳಿಗೆ ಕೆಸರನ್ನು ತುಳಿದು ತುಂಬಿ, ಮೇಲೆ ಹೊಸ ಕೆಸರು ಬಳಿಯುವ ಹಳೆಯ ಕ್ರಮವೇ ಇದಕ್ಕೆ ಔಷಧ. ಆ ಕ್ರಮವನ್ನು ಬಿಟ್ಟವರ ಗದ್ದೆಯಲ್ಲಿ ಕೈಲ್‌ಪೊಳ್ದಿನ ಹೊತ್ತಿಗೆ ನೀರು ನಿಲ್ಲದಿರುವುದು ಕಂಡುಬರುತ್ತದೆ.

ಬೇಸಗೆಯಲ್ಲಿ ತೋಡಿನ ಉಪಯೋಗವು ಬೇರೆ. ಫೆಬ್ರವರಿ ಮಾರ್ಚಿಯಲ್ಲಿ ರೊಬಸ್ಟಾ ಕಾಫಿಗೆ ಹೂ ಬರಿಸಲು ತುಂತುರು ನೀರು ಹಾಯಿಸುವವರೆಲ್ಲ ಒಂದೇ ವಾರದಲ್ಲಿ ಒಂದೇ ತೋಡಿಗೆ ಪಂಪು ಇಡುವರು. ಮೇಲಿನ ಎರಡು ಪಂಪುಗಳೇ ನೀರನ್ನು ಮುಗಿಸಿದರೆ ಕೆಳಗಿನವರ ದನಗಳಿಗೂ ಕುಡಿಯಲು ನೀರಿಲ್ಲ. ಇದಕ್ಕೆ ಸರದಿಯೊಂದೇ ಉಪಾಯ. ಅದನ್ನು ಜನವರಿಯಲ್ಲಿಯೇ ಊರಿನ ತಕ್ಕರೂ ಹಿರಿಯರೂ ಕೂಡಿ ಗೊತ್ತು ಮಾಡಬೇಕು, ನೀರು ಮುಗಿದ ಮೇಲೆ ಅಲ್ಲ. ನೀರನ್ನು ಹೆಚ್ಚು ದಿನ ನಿಲ್ಲಿಸುವುದಕ್ಕೆ ನೆರೆಯ ಕಾಸರಗೋಡಿನ ಏತಡ್ಕದಲ್ಲಿ ತೋಡಿಗೆ ಸಾಲಾಗಿ ಹಾಕುವ ಕಟ್ಟಗಳು ಒಳ್ಳೆಯ ಮಾದರಿ. ಮಳೆ ನಿಂತು ಹರಿವು ಇಳಿದ ಬಳಿಕ ತೋಡಿಗೆ ತಾತ್ಕಾಲಿಕವಾಗಿ ಅಡ್ಡಕಟ್ಟಿ ಹಾಕಿ ನೀರನ್ನು ನಿಲ್ಲಿಸುವರು. ನಿಂತ ನೀರು ಸುತ್ತಣ ನೆಲಕ್ಕೆ ಇಂಗಿ ಬಾವಿಗಳಿಗೂ ತೋಟಗಳಿಗೂ ಒದಗುವುದು. ಮಳೆಗಾಲಕ್ಕೆ ಮುನ್ನ ಕಟ್ಟವನ್ನು ಬಿಚ್ಚುವರು. ಕಟ್ಟುವುದರಷ್ಟೇ ಬಿಚ್ಚುವುದೂ ಮುಖ್ಯ. ಬೇಸಗೆಯಲ್ಲಿ ಕಟ್ಟಿದ ಮರಳಿನ ಚೀಲಗಳನ್ನು ಜೂನಿನಲ್ಲಿ ಮರೆತು ಬಿಟ್ಟವರಿಂದ ಆದ ಹಾನಿಯು ನೀರು ನಿಲ್ಲಿಸಿದ ಲಾಭವನ್ನು ಮೀರುವುದುಂಟು.

ಗ್ರಾಮದ ಮುಖಂಡರು ಈ ವರ್ಷವೇ ಮಾಡಬಹುದಾದ ಇನ್ನೊಂದು ಕೆಲಸವಿದೆ. ಗ್ರಾಮನಕ್ಷೆಯ ಪ್ರತಿಯೊಂದನ್ನು ಹಿಡಿದು, ಬಯಲಿನ ಹಿರಿಯ ಪಟ್ಟೆದಾರರನ್ನು ಜೊತೆಗೆ ಕರೆದುಕೊಂಡು, ಪ್ರತಿಯೊಂದು ತೋಡನ್ನೂ ತಲೆಯಿಂದ ಹೊಳೆಯವರೆಗೆ ನಡೆದು ನೋಡಬೇಕು. ಅದರ ಸ್ಥಳೀಯ ಹೆಸರು, ಹರಿದುದೋ ತೋಡಿದುದೋ, ಯಾವ ಯಾವ ಸರ್ವೆ ನಂಬರುಗಳ ಮೂಲಕ ಹೋಗುವುದು, ಮೂರು ನಾಲ್ಕು ಕಡೆಗಳಲ್ಲಿ ಅಳೆದ ಅಗಲ ಮತ್ತು ಆಳ, ಕೊಳವೆ ಮೋರಿಗಳಿದ್ದರೆ ಅವುಗಳ ಬಾಯಿಯ ಅಳತೆ, ಬೇಸಗೆಯಲ್ಲಿ ನೀರು ಇರುವ ಕೊನೆಯ ತಿಂಗಳು, ವರ್ಷ ವರ್ಷ ಯಾವ ಭಾಗವನ್ನು ಯಾರು ತೋಡುವರು, ಇಷ್ಟನ್ನು ಬರೆದರೆ ಒಂದು ತೋಡಿಗೆ ಒಂದು ಹಾಳೆ ಸಾಕು. ಗುಡ್ಡದ ಮೇಲಿನ ಒಣತೋಡುಗಳನ್ನು ಬಿಡಬಾರದು. ಎಂಬತ್ತು ವರ್ಷ ದಾಟಿದವರಿಗೆ ನೆನಪಿರುವ ಹಳೆಯ ಪಾತ್ರಗಳನ್ನು ಈಗ ತೋಟವಾಗಿದ್ದರೂ ಚುಕ್ಕಿ ಗೆರೆಯಿಂದ ತೋರಿಸಬೇಕು. ನೀರು ಮತ್ತೆ ಬಂದರೆ ಆ ದಾರಿಯಲ್ಲೇ ಬರುವ ಸಂಭವವುಂಟು. ಹಾಳೆಗೆ ಎರಡೂ ದಡದವರ ರುಜು ಹಾಕಿಸಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಗೂ ಒಂದನ್ನು ಕಂದಾಯ ಕಚೇರಿಗೂ ಸ್ವೀಕೃತಿ ಪಡೆದು ಒಪ್ಪಿಸಿ, ಮೂರನೆಯದನ್ನು ಊರಿನಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಈ ನಡಿಗೆಗೆ ಯೋಗ್ಯವಾದ ಕಾಲವು ಜುಲೈ ತಿಂಗಳು, ಮಳೆಯು ಸುರಿಯುತ್ತಿರುವಾಗಲೇ. ಆಗ ಪ್ರತಿಯೊಂದು ತೋಡೂ ತಾನೆಲ್ಲಿರುವೆನೆಂದು ತೋರಿಸಿಕೊಡುವುದು.